ಉಂಡವರ ಮಾತು

ತರಬೇತಿ ಕೊಡಲು ಬಂದ ಅಯ್ಯನವರು ತಮ್ಮ ಊಟದ ಡಬ್ಬಿಯನ್ನು ತಾವೇ ತಂದಿದ್ದರು. ಅದನ್ನು ನೋಡಿದ ಕೂಡಲೇ ಈ ತರಬೇತಿ ಹಾಳಾಯಿತು ಎಂದು ನನಗೆ ಗೊತ್ತಾಯಿತು. ಮೂರು ಅಂತಸ್ತಿನ ಸ್ಟೀಲ್ ಡಬ್ಬಿ, ಜೊತೆಗೆ ಮುಚ್ಚಳ ಬಿಗಿದ ನೀರಿನ ಬಾಟಲಿಗಳು. ಜೀಪಿನಿಂದ ಮೊದಲು ನೀರು ಇಳಿಯಿತು, ಆಮೇಲೆ ಡಬ್ಬಿ, ಕೊನೆಗೆ ರೆವರೆಂಡ್ ಡಾಕ್ಟರ್ ಸುಗುಣಕುಮಾರ್ ಇಳಿದರು. ಕೈ ಮುಗಿದು ಏನೋ ಹೇಳಿದರು. ಸ್ತೋತ್ರ ಎಂದಿರಬೇಕು. ಬಾಯಿ ಆಡಿದ್ದು ಕಂಡಿತು.

ನಮ್ಮ ಊರಿನಲ್ಲಿ ಯಾರು ನಮ್ಮ ಮನೆಯಲ್ಲಿ ಉಂಡಿದ್ದಾರೋ ಅವರ ಮಾತು ಮಾತ್ರ ನಮಗೆ ಕೇಳುತ್ತದೆ. ಉಣ್ಣದವರು ಎದುರಿಗೆ ನಿಂತು ಗಂಟಲು ಹರಿದುಕೊಂಡರೂ ಅಷ್ಟೇ. ನಾಯಿ ಬೊಗಳಿದ್ದು ಕೇಳುತ್ತದೆ, ಚರ್ಚಿನ ಗಂಟೆ ಕೇಳುತ್ತದೆ, ಮನುಷ್ಯರು ಕೆಮ್ಮಿದ್ದೂ ಕೇಳುತ್ತದೆ. ಮಾತು ಮಾತ್ರ ಊಟ ಕೇಳುತ್ತದೆ. ಯುದ್ಧ ಮುಗಿದ ವಾರದಲ್ಲೇ ಇದು ಶುರುವಾಯಿತು. ಅದಕ್ಕೆ ಮುಂಚೆ ಉಂಡದ್ದೆಲ್ಲ ರದ್ದು. ಒಂದು ತುತ್ತು ಬಾಯಿಗೆ ಹಾಕಿಕೊಂಡು ಓಡಿದರೆ ನಡೆಯುವುದಿಲ್ಲ, ಕೈ ತೊಳೆಯುವ ಹಾಗೆ ಉಣ್ಣಬೇಕು. ಕಾಫಿ, ಬಿಸ್ಕತ್ತಿನಲ್ಲಿ ಮುಗಿಸಲು ಕೆಲವು ಜಿಪುಣರು ಪ್ರಯತ್ನಿಸಿ ನೋಡಿದರು, ಆಗಲಿಲ್ಲ.

ಜನ ಹೊಂದಿಕೊಂಡರು. ಶಾಲೆಯ ಮೇಷ್ಟ್ರು ವರ್ಷದ ಮೊದಲ ತಿಂಗಳು ಪಾಠ ಬಿಟ್ಟು ಮಕ್ಕಳ ಮನೆಗಳಲ್ಲಿ ಉಣ್ಣುತ್ತಾ ತಿರುಗುತ್ತಾರೆ. ಮಕ್ಕಳು ಅವರ ಮನೆಯಲ್ಲಿ ಉಂಡಿಲ್ಲವಾದ್ದರಿಂದ ಮಕ್ಕಳು ಕೇಳುವ ಪ್ರಶ್ನೆ ಅವರಿಗೆ ಕೇಳುವುದಿಲ್ಲ. ಯುದ್ಧಕ್ಕೆ ಮುಂಚೆಯೂ ಕೇಳುತ್ತಿರಲಿಲ್ಲ, ಹಾಗಾಗಿ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಮದುವೆ ಮಾತುಕತೆಗೆ ಹೋದವರು ಮೊದಲು ಎಲೆಯ ಮುಂದೆ ಕೂರುತ್ತಾರೆ, ಆಮೇಲೆ ಹೆಣ್ಣು ಕೇಳುತ್ತಾರೆ. ದೊಡ್ಡ ತೊಂದರೆ ಆದದ್ದು ಜಗಳಗಂಟರಿಗೆ. ಒಬ್ಬನಿಗೆ ಬೈಯಬೇಕಾದರೆ ಮೊದಲು ಅವನ ಮನೆಯಲ್ಲೇ ಉಣ್ಣಬೇಕು. ಉಂಡ ಮೇಲೆ ಅರ್ಧ ಜನಕ್ಕೆ ಬೈಯಲು ಮನಸ್ಸು ಬರುವುದಿಲ್ಲ. ನನ್ನಂಥವರಿಗೆ ಬರುತ್ತದೆ.

ನನ್ನ ಹೆಸರು ಕರುಣಾಮಣಿ. ಇಟ್ಟವರು ನನ್ನನ್ನು ಸರಿಯಾಗಿ ನೋಡಿರಲಿಲ್ಲ. ಮೇಲಿನ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಏಳನೇ ಇಯತ್ತೆ ಓದಿದ್ದೇನೆ. ನನ್ನ ಗಂಡ ಎಲೀಯನನ್ನು ಯುದ್ಧದಲ್ಲಿ ಊರಿಗೆ ನುಗ್ಗಿದ ಪಡೆಯವರು ಎಳೆದುಕೊಂಡು ಹೋದರು. ನಮ್ಮ ಸಭಾಪಾಲಕರನ್ನೂ ಎಳೆದುಕೊಂಡು ಹೋದರು. ಮೇಲಿನ ಬೀದಿ, ಕೆಳಗಿನ ಬೀದಿ ಎರಡೂ ಒಂದೇ ಚರ್ಚಿಗೆ ಹೋಗುತ್ತಿದ್ದವು, ಒಂದೇ ಪಾತ್ರೆಯಲ್ಲಿ ಕರ್ತನ ಭೋಜನ ತೆಗೆದುಕೊಳ್ಳುತ್ತಿದ್ದವು. ಮೂರು ವರ್ಷ ಒಬ್ಬರನ್ನೊಬ್ಬರು ಹಿಡಿದುಕೊಟ್ಟವು. ಈಗ ಪುನಃ ಒಂದೇ ಚರ್ಚಿನಲ್ಲಿ ಎಡಕ್ಕೆ ಇವರು, ಬಲಕ್ಕೆ ಅವರು ಕೂರುತ್ತಾರೆ. ಈ ಬೀದಿಯವರು ಆ ಬೀದಿಯಲ್ಲಿ ಉಂಡಿಲ್ಲ, ಆ ಬೀದಿಯವರು ಈ ಬೀದಿಯಲ್ಲಿ ಉಂಡಿಲ್ಲ. ಎದ್ದು ನಿಂತು ಓದುವವನು ಯಾರಾದರೂ ಸರಿ, ಅರ್ಧ ಚರ್ಚು ಬಾಯಿ ನೋಡುತ್ತಾ ಕೂರುತ್ತದೆ.

ಬರೆದು ತೋರಿಸಬಹುದಲ್ಲ ಎಂದು ನಮ್ಮಲ್ಲಿ ಉಂಡ ಹೊರಗಿನವರು ಕೇಳುತ್ತಾರೆ. ಅವರಿಗೆ ಚೀಟಿಯ ವಿಷಯ ಗೊತ್ತಿಲ್ಲ. ಯುದ್ಧ ನಡೆಯುತ್ತಿದ್ದಾಗ ಪಡೆಯವರು ಚರ್ಚಿನ ಗೇಟಿನಲ್ಲಿ ಒಂದು ಮರದ ಪೆಟ್ಟಿಗೆ ಇಟ್ಟಿದ್ದರು. ಮೇಲೊಂದು ಸೀಳು. ಒಂದು ಚೀಟಿಯಲ್ಲಿ ಒಬ್ಬನ ಹೆಸರು ಬರೆದು ಹಾಕಿದರೆ ಸಾಕು, ಬೆಳಗಾಗುವಷ್ಟರಲ್ಲಿ ಆ ಮನುಷ್ಯ ಮನೆಯಲ್ಲಿ ಇರುತ್ತಿರಲಿಲ್ಲ. ಹೊರಟುಹೋಗುವಾಗ ಅವರು ಒಂದು ತಮಾಷೆ ಮಾಡಿದರು. ಕೈಗೆ ಸಿಕ್ಕ ಚೀಟಿಗಳನ್ನು ಚರ್ಚಿನ ಗೋಡೆಗೆ ಅಂಟಿಸಿದರು. ನೀವೇ ಬರೆದದ್ದು, ಓದಿಕೊಳ್ಳಿ ಎಂದು ನಗುತ್ತಾ ಹೋದರು. ಹೆಚ್ಚಿನವು ಸೊಟ್ಟ ಅಕ್ಷರ, ಯಾರ ಕೈ ಎಂದು ಹೇಳಲಾಗುತ್ತಿರಲಿಲ್ಲ. ಒಂದು ಕೈ ಮಾತ್ರ ಇಡೀ ಊರಿಗೆ ಗೊತ್ತಿತ್ತು. ಅಂಗಡಿಗಳ ಬೋರ್ಡು ಬರೆಯುವ ಯೋತಾಮನ ಕೈ. ಅವನ ತಲೆಕಟ್ಟಿಗೆ ಒಂದು ಕೊಕ್ಕೆ ಇರುತ್ತದೆ, ನವಿಲಿನ ಜುಟ್ಟಿನ ಹಾಗೆ. ಹತ್ತಾರು ಚೀಟಿ ಆ ಅಕ್ಷರದಲ್ಲಿದ್ದವು, ಎರಡೂ ಬೀದಿಯವರ ಹೆಸರುಗಳು. ಬರೆಯಲು ಬಾರದವರಿಗೆಲ್ಲ ಅವನೇ ಬರೆದುಕೊಟ್ಟಿದ್ದನಂತೆ. ಎಲೀಯ ಎಂಬ ಮೂರು ಅಕ್ಷರವೂ ಅದರಲ್ಲಿತ್ತು. ನನ್ನ ಗಂಡನ ಹೆಸರನ್ನು ಅಷ್ಟು ಚೆಂದವಾಗಿ ಯಾರೂ ಬರೆದಿರಲಿಲ್ಲ.

ಅವತ್ತಿನಿಂದ ಊರಿನಲ್ಲಿ ಯಾರೂ ಯಾರಿಗೂ ಬರೆದು ತೋರಿಸುವುದಿಲ್ಲ. ಇನ್ನೊಂದು ವಿಷಯದಲ್ಲೂ ಎರಡೂ ಬೀದಿಯವರು ಒಂದಾದರು. ಯೋತಾಮನ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಆ ಮನೆಯಲ್ಲಿ ಅವನೂ ಅವನ ತಾಯಿ ರಾಹೇಲಮ್ಮನೂ ಇಬ್ಬರೇ. ಆರು ವರ್ಷದಿಂದ ಅವರಿಗೆ ಪರಸ್ಪರರ ಮಾತು ಬಿಟ್ಟರೆ ಬೇರೆ ಯಾರ ಮಾತೂ ಕೇಳಿಲ್ಲ. ನಾನು ಅವನನ್ನು ದಾರಿಯಲ್ಲಿ ಕಂಡಾಗಲೆಲ್ಲ ನಿಲ್ಲಿಸಿ ಬೈದಿದ್ದೇನೆ. ಅವನು ನನ್ನ ಬಾಯಿಯನ್ನೇ ನೋಡಿ, ಮುಗಿದ ಮೇಲೆ ತಲೆಯಾಡಿಸಿ ಹೋಗುತ್ತಿದ್ದ. ಹೊಳೆಯಲ್ಲಿ ಹಿಟ್ಟು ತೂರಿದ ಹಾಗೆ ಆಗುತ್ತಿತ್ತು ನನಗೆ.

ಇಂಥ ಊರಿಗೆ, ಸುತ್ತಲಿನ ಚರ್ಚುಗಳನ್ನೆಲ್ಲ ನೋಡಿಕೊಳ್ಳುವ ಮಹಾಸಭೆಯವರು ತರಬೇತಿ ಕಳಿಸಿದರು. ಯುದ್ಧಾನಂತರದ ಸಭಾ ನಾಯಕತ್ವ ಶಿಬಿರ, ನಾಲ್ಕು ದಿನ. ನಾಲ್ಕು ಜನ ಬೇಕು, ಅದರಲ್ಲಿ ಒಬ್ಬ ಹೆಂಗಸು ಇರಲೇಬೇಕು ಎಂದು ಕಾಗದ ಬಂತು. ಕೆಳಗಿನ ಬೀದಿಯಿಂದ ಇಬ್ಬರು ಗಂಡಸರು, ನಮ್ಮ ಬೀದಿಯಿಂದ ಅಂಚೆ ಕಚೇರಿಯಲ್ಲಿದ್ದು ನಿವೃತ್ತನಾದ ಸುಮಂತಪ್ಪ. ಹೆಂಗಸು ನಾನು. ನನ್ನ ಭಕ್ತಿ ನೋಡಿ ಆರಿಸಿದರೆಂದು ತಿಳಿಯಬೇಡಿ. ಗಿರಣಿಯ ಬೆಲ್ಟು ಹರಿದಿತ್ತು, ಆ ವಾರ ಕೈ ಖಾಲಿ ಇದ್ದವಳು ನಾನೊಬ್ಬಳೇ.

ಹೊರಗಿನವರ ಕಿವಿಗೆ ನಮ್ಮ ಕಾಯಿಲೆ ಇಲ್ಲ. ನಾವು ಆಡಿದ್ದು ಅವರಿಗೆ ಕೇಳುತ್ತದೆ. ಕೇಳಿಸಿಕೊಳ್ಳುವುದು ಬೇರೆ ವಿಷಯ. ಮೊದಲ ದಿನವೇ ನಾನು ಎದ್ದು ಹೇಳಿದೆ.

"ಅಯ್ಯನೋರೇ, ಮೊದ್ಲು ನಮ್ ನಾಲ್ಕೂ ಜನರ ಮನೇಲಿ ಒಂದೊಂದು ಹೊತ್ತು ಉಂಡ್ಬಿಡಿ. ಆಮೇಲೆ ಹೇಳ್ಕೊಡೋರಂತೆ. ಇಲ್ದಿದ್ರೆ ನಮ್ಗೆ ಕೇಳ್ಸಲ್ಲ."

ಅಯ್ಯನವರು ಎದೆಯ ಮೇಲೆ ಕೈಯಿಟ್ಟು ನಕ್ಕರು. ಹೊಟ್ಟೆ ಮುಟ್ಟಿ ತೋರಿಸಿದರು. ಡಬ್ಬಿ ತೋರಿಸಿದರು. ಹಳ್ಳಿಯವರ ಆದರಕ್ಕೆ ಕರಗಿದ ಮುಖ ಮಾಡಿದರು.

"ಬಿಡಕ್ಕ, ದೊಡ್ಡೋರು," ಎಂದ ಸುಮಂತಪ್ಪ. "ನಮ್ ಊಟ ಅವರ ಹೊಟ್ಟೆಗೆ ಒಗ್ಗಲ್ವೇನೋ."

"ಅವರ ಮಾತು ನನ್ ಕಿವಿಗೆ ಒಗ್ಗಬೇಕಲ್ಲಯ್ಯ! ನಾಲ್ಕು ದಿನ ಇವರ ಹಲ್ಲು ಎಣಿಸ್ತಾ ಕೂರ್ಲಾ?"

"ಸುಮ್ನೆ ಕೂತ್ಕೊ. ನೋಟ್ ಪುಸ್ತಕ ಕೊಟ್ಟಿದಾರೆ, ಪೆನ್ನೂ ಕೊಟ್ಟಿದಾರೆ. ಚೆನ್ನಾಗಿದೆ ಪೆನ್ನು."

ಅಯ್ಯನವರು ಬೋರ್ಡಿನ ಮೇಲೆ ಒಂದು ಮೆಟ್ಟಿಲಿನ ಚಿತ್ರ ಬರೆದರು. ಸಮಾಧಾನದ ಐದು ಮೆಟ್ಟಿಲುಗಳು. ಮೊದಲನೆಯದು, ಆಲಿಸುವುದು. ಆಲಿಸುವುದರ ಬಗ್ಗೆ ಎರಡೂವರೆ ಗಂಟೆ ಮಾತಾಡಿದರು. ಕಿವಿಗೆ ಕೈ ಹಚ್ಚಿದರು, ಕಣ್ಣು ಮುಚ್ಚಿದರು, ಒಂದು ಸಲ ಕರ್ಚೀಫು ತೆಗೆದು ಕಣ್ಣೊರೆಸಿಕೊಂಡರು. ಯಾಕೆ ಅತ್ತರೋ ಅವರನ್ನು ಕಳಿಸಿದ ದೇವರೇ ಬಲ್ಲ. ನಾವು ನಾಲ್ವರೂ ತಲೆಯಾಡಿಸುತ್ತಾ ಕೂತೆವು. ಮಧ್ಯಾಹ್ನ ಅವರು ಪಕ್ಕದ ಕೋಣೆಯ ಬಾಗಿಲು ಹಾಕಿಕೊಂಡು ಡಬ್ಬಿ ಬಿಚ್ಚಿದರು. ಪುಳಿಯೋಗರೆಯ ವಾಸನೆ ಬಂತು.

ಎರಡನೇ ದಿನ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದರು. ಮೇಲಿನ ಬೀದಿಯವರಿಗೆ ಎದುರಾಗಿ ಕೆಳಗಿನ ಬೀದಿಯವರು. ನಿಮ್ಮ ನೋವನ್ನು ಎದುರಿನವರಿಗೆ ಹೇಳಿ ಎಂದು ಬೋರ್ಡಿನಲ್ಲಿ ಬರೆದರು. ನನ್ನೆದುರು ಕೂತವನು ಬಹಳ ಹೊತ್ತು ಬಾಯಿ ಆಡಿಸಿದ. ನಾನು ನನ್ನ ಸರದಿಯಲ್ಲಿ ಗಿರಣಿಯ ಬೆಲ್ಟು ಹೇಗೆ ಹರಿಯಿತು ಎಂದು ಹೇಳಿದೆ. ಆತ ಕಣ್ಣೀರು ಹಾಕಿದ. ಅವನೂ ಎಮ್ಮೆ ಕಳೆದಂಥ ಯಾವುದೋ ಕಥೆಯನ್ನೇ ಹೇಳಿದ್ದನೋ ಏನೋ, ನಾನೂ ಅವನ ಮರ್ಯಾದೆಗೆ ಸೆರಗಿನಿಂದ ಕಣ್ಣೊರೆಸಿಕೊಂಡೆ. ನಾವು ಹೇಳಿದ್ದು ಅಯ್ಯನವರಿಗೆ ಕೇಳಬೇಕಾಗಿತ್ತು. ಆದರೆ ಅವರು ಫೋಟೋ ತೆಗೆಯುವುದರಲ್ಲಿದ್ದರು.

ಮೂರನೇ ದಿನ ಒಂದು ರಟ್ಟಿನ ಪೆಟ್ಟಿಗೆ ತಂದರು. ಅದಕ್ಕೆ ಬಣ್ಣದ ಕಾಗದ ಅಂಟಿಸಿದರು. ಬ್ಲೇಡಿನಿಂದ ಮೇಲೊಂದು ಸೀಳು ಮಾಡಿದರು. ನಮ್ಮ ಮುಂದೆ ಒಂದೊಂದು ಚೀಟಿ, ಒಂದೊಂದು ಪೆನ್ಸಿಲು ಇಟ್ಟರು. ಬೋರ್ಡಿನ ಮೇಲೆ ಬರೆದರು: ನಿಮ್ಮನ್ನು ನೋಯಿಸಿದವರ ಹೆಸರನ್ನು ಬರೆದು ಪೆಟ್ಟಿಗೆಗೆ ಹಾಕಿ.

ಬರೆದು ತಿರುಗಿ, ನಗುತ್ತಾ, ಎರಡೂ ಕೈಯಿಂದ ಪೆಟ್ಟಿಗೆ ತೋರಿಸಿದರು.

ಕೆಳಗಿನ ಬೀದಿಯ ಒಬ್ಬ ಎದ್ದ ರಭಸಕ್ಕೆ ಅವನ ಕುರ್ಚಿ ಹಿಂದಕ್ಕೆ ಬಿತ್ತು. ಇನ್ನೊಬ್ಬ ಹೊರಗೆ ಓಡಿ ಕಾಂಪೌಂಡು ದಾಟಿದ. ಸುಮಂತಪ್ಪನೋ, ದೊಡ್ಡವರು ಹೇಳಿದಂತೆ ನಡೆಯುವ ಮನುಷ್ಯ, ಪೆನ್ಸಿಲು ಹಿಡಿದ. ಅದನ್ನು ಚೀಟಿಯ ಮೇಲೆ ತಂದ. ನಾನು ಎದ್ದು ಹೋಗಿ ಆ ಪೆಟ್ಟಿಗೆಯನ್ನು ನೆಲಕ್ಕೆ ಹಾಕಿ ತುಳಿದೆ.

"ಅಯ್ಯನೋರೇ, ಹಿಂದಿನ ಪೆಟ್ಟಿಗೆ ಸಾಲ್ದೇ ಹೋಯ್ತಾ ನಿಮ್ಗೆ? ಅದಕ್ಕೆ ಬಣ್ಣದ ಕಾಗದ ಇರ್ಲಿಲ್ಲ ಅಂತ ಇದನ್ನ ತಂದ್ರಾ? ನಾಳೆ ಬೆಳಿಗ್ಗೆ ಯಾರ್ ಬರ್ತಾರೆ ಕರ್ಕೊಂಡೋಗೋಕೆ, ನೀವಾ, ಜೀಪಿನ ಡ್ರೈವರಾ?"

ಅಯ್ಯನವರು ಹೆದರಲಿಲ್ಲ. ತಮ್ಮ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡರು. ಅದೇನೆಂದು ಆಮೇಲೆ ಅವರ ವರದಿ ಬಂದಾಗ ಓದಿದೆ. "ಶಿಬಿರಾರ್ಥಿಗಳು ಅಸಾಧಾರಣ ಮೌನದಿಂದ ಆಲಿಸಿದರು. ಇಷ್ಟು ಶಿಸ್ತಿನ ಸಭೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಬ್ಬ ಮಹಿಳೆಗೆ ಕೋಪ ನಿಗ್ರಹದ ಪ್ರತ್ಯೇಕ ತರಬೇತಿ ಅಗತ್ಯ."

ನಾಲ್ಕನೇ ದಿನ ಪರೀಕ್ಷೆ. ಸುಮಂತಪ್ಪ ಐದೂ ಮೆಟ್ಟಿಲುಗಳನ್ನು ಬೋರ್ಡಿನಲ್ಲಿದ್ದ ಹಾಗೆಯೇ ಬರೆದು, ಕೆಳಗೆ ಸ್ಕೇಲಿಟ್ಟು ಗೆರೆ ಎಳೆದು, ಪಾಸಾದ. ಚೌಕಟ್ಟು ಹಾಕಿದ ಪ್ರಮಾಣಪತ್ರ ಕೊಟ್ಟು ಅವನನ್ನು ನಮ್ಮ ಸಭೆಯ ಉಪದೇಶಿ ಮಾಡಿ ಜೀಪು ಹೊರಟುಹೋಯಿತು. ಆ ಭಾನುವಾರ ಅವನು ಮೊದಲ ಪ್ರಸಂಗ ಮಾಡಿದ. ಸುಮಂತಪ್ಪನಿಗೆ ಸಕ್ಕರೆ ಕಾಯಿಲೆ, ಆರು ವರ್ಷದಲ್ಲಿ ಹನ್ನೊಂದು ಮನೆಯಲ್ಲಿ ಮಾತ್ರ ಉಂಡಿದ್ದಾನೆ. ಹನ್ನೊಂದು ಮನೆಯವರಿಗೆ ಪ್ರಸಂಗ ಕೇಳಿತು. ಉಳಿದವರು ಕಣ್ಣು ತೆರೆದು ಕೂತರು. ಕೇಳಿದವರು ನಿದ್ದೆ ಮಾಡಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಯೋತಾಮನ ತಾಯಿ ರಾಹೇಲಮ್ಮ ಹಾಸಿಗೆ ಹಿಡಿದಳು. ಒಂದು ದಿನ ಯೋತಾಮ ಚರ್ಚಿನ ಬಾಗಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ. ಮೆಟ್ಟಿಲ ಮೇಲೆ ಮೊಣಕಾಲೂರಿ ಕೈ ಜೋಡಿಸಿ, ತನ್ನ ಮನೆಯ ದಿಕ್ಕು ತೋರಿಸಿದ. ಎಲ್ಲರಿಗೂ ಅರ್ಥವಾಯಿತು. ಮುದುಕಿಗೆ ಕೊನೆಯ ಪ್ರಾರ್ಥನೆ ಬೇಕು. ಉಪದೇಶಿ ಸುಮಂತಪ್ಪ ಹೊಸ ಅಂಗಿ ಹಾಕಿಕೊಂಡು ಹೋದ. ಹೋಗಿ ಮುಕ್ಕಾಲು ಗಂಟೆ ಪ್ರಾರ್ಥಿಸಿದ. ಅವನು ಉಣ್ಣಲಿಲ್ಲ, ಮುದುಕಿಗೆ ಕೇಳಲಿಲ್ಲ. ಅಲ್ಲಿಂದ ನೇರ ನನ್ನ ಗಿರಣಿಗೆ ಬಂದ.

"ಅವಳು ನನ್ ಬಾಯಿಗೆ ಕೈ ಹಾಕಿದ್ಳು ಅಕ್ಕ," ಎಂದ. "ಬೆರಳು ಒಳಗೇ ಹಾಕಿದ್ಳು. ಮಾತು ಎಲ್ಲಿ ಸಿಕ್ಕಾಕ್ಕೊಂಡಿದೆ ಅಂತ ಹುಡುಕ್ದಂಗೆ."

"ಉಣ್ಬೇಕಾಗಿತ್ತು."

"ನನ್ ಸಕ್ಕರೆ..."

"ಮುದ್ದೆ ಉಣ್ಣೋಕೆ ಯಾವ ಸಕ್ಕರೆ ಅಡ್ಡ ಬರತ್ತೆ? ಹೆದ್ರಿಕೆ ಅನ್ನು. ಅಲ್ಲಿ ಉಂಡ್ರೆ ಊರು ಏನನ್ನತ್ತೋ ಅಂತ ಹೆದ್ರಿಕೆ."

ಅವನು ಹಿಟ್ಟಿನ ಚೀಲದ ಮೇಲೆ ಕೂತ. "ಕೆಳಗಿನ ಬೀದಿಯವರಿಗೂ ಸನ್ನೆ ಮಾಡಿ ಕೇಳ್ದೆ, ಒಲ್ಲೆ ಅಂತ ತಲೆಯಾಡ್ಸಿದ್ರು. ನೀನು ಹೋಗಕ್ಕ. ನಾಲ್ಕನೇ ಮೆಟ್ಟಿಲು ಕ್ಷಮಿಸುವುದು ಅಂತ..."

"ನಿನ್ ಮೆಟ್ಟಿಲು ಮುರ್ದೋಗ! ನನ್ ಗಂಡನ ಹೆಸರು ಬರೆದ ಕೈ ಕಲಸಿದ ಹಿಟ್ಟು ನಾನು ತಿನ್ಬೇಕಾ? ಎದ್ದೋಗು ಇಲ್ಲಿಂದ."

ಅವನು ಹೋದ. ನಾನು ಗಿರಣಿ ನಿಲ್ಲಿಸಿದೆ. ಆ ಮನೆಯಲ್ಲಿ ಉಂಡರೆ ಮುದುಕಿಗೆ ನನ್ನ ಮಾತು ಕೇಳುತ್ತದೆ. ಯೋತಾಮನಿಗೂ ಕೇಳುತ್ತದೆ. ಇಷ್ಟು ವರ್ಷ ದಾರಿಯಲ್ಲಿ ಸುರಿದದ್ದೆಲ್ಲ ದಂಡವಾಯಿತಲ್ಲ, ಈಗ ಒಂದೊಂದು ಅಕ್ಷರವೂ ಅವನ ಕಿವಿಗೆ ಇಳಿಯುತ್ತದೆ. ಇದು ಆರು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ ನೋಡಿ, ಸಿಟ್ಟು ಮನುಷ್ಯರನ್ನು ಎಷ್ಟು ದಡ್ಡರನ್ನಾಗಿ ಮಾಡುತ್ತದೆ. ಸೀರೆಗೆ ಅಂಟಿದ ಹಿಟ್ಟು ಕೊಡವಿ ಹೊರಟೆ. ಆಮೇಲೆ ಚರ್ಚಿನಲ್ಲಿ ನನ್ನ ಬಗ್ಗೆ ಏನೇನೋ ಹೊಗಳಿದರು. ನಾನು ಹೋದದ್ದು ಪ್ರಾರ್ಥನೆಗಲ್ಲ, ಬೈಯುವುದಕ್ಕೆ.

ಯೋತಾಮ ಬಾಗಿಲು ತೆರೆದವನು ನನ್ನನ್ನು ನೋಡಿ ಪಕ್ಕಕ್ಕೆ ಸರಿದ. ನಾನು ನೆಲದ ಮೇಲೆ ಕೂತು, ಉಣ್ಣುವ ಸನ್ನೆ ಮಾಡಿದೆ. ಅವನು ಒಳಗೆ ಹೋಗಿ ಪಾತ್ರೆ ತಡಕಾಡುವ ಸದ್ದು ಕೇಳಿತು. ಆರು ವರ್ಷ ಎರಡೇ ತಟ್ಟೆ ಇದ್ದ ಮನೆ. ಮುದ್ದೆ ಗಂಟುಗಂಟಾಗಿತ್ತು, ಸೊಪ್ಪಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದ. ಎಲ್ಲವನ್ನೂ ಉಂಡೆ. ತಟ್ಟೆಯಲ್ಲಿ ಕೈ ತೊಳೆದೆ. ಮೊದಲು ಮುದುಕಿಯ ಪ್ರಾರ್ಥನೆ ಮುಗಿಸೋಣ, ಅವಳ ಎದುರು ಮಗನನ್ನು ಬೈದರೆ ಅವಳ ಜೀವ ಅಲ್ಲೇ ಹೋದೀತು ಎಂದುಕೊಂಡು ಹಾಸಿಗೆಯ ಪಕ್ಕ ಕೂತೆ.

"ರಾಹೇಲಮ್ಮಾ," ಎಂದೆ.

ಅವಳು ಕಣ್ಣು ಬಿಟ್ಟಳು. ನನ್ನ ಗಲ್ಲ ಹಿಡಿದುಕೊಂಡಳು. ಅಷ್ಟು ಬಡಕಲು ಕೈಯಲ್ಲಿ ಅಷ್ಟು ಶಕ್ತಿ ಎಲ್ಲಿತ್ತೋ, ಬಿಡಲೇ ಇಲ್ಲ. ಏನೇನೋ ಮಾತಾಡಿದಳು. ಅವಳು ನನ್ನ ಮನೆಯಲ್ಲಿ ಉಂಡಿರಲಿಲ್ಲ, ನನಗೆ ಒಂದೂ ಕೇಳಲಿಲ್ಲ.

ಪ್ರಾರ್ಥನೆಯ ಪುಸ್ತಕ ನಾನು ತಂದಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. "ಸ್ವಾಮಿ, ಈ ಮುದುಕಿ ಆರು ವರ್ಷ ಒಬ್ಬನ ಮಾತೇ ಕೇಳವ್ಳೆ. ಸಾಕಾಗಿದೆ ಅವಳಿಗೆ. ಕರ್ಕೊ. ಅಲ್ಲಿ ಇವಳ ಪಕ್ಕ ಒಳ್ಳೇ ಮಾತುಗಾರರನ್ನ ಕೂರ್ಸು. ಆಮೆನ್."

ಅವಳು ಗಲ್ಲ ಬಿಡಲಿಲ್ಲ. ಇನ್ನೂ ಬೇಕು ಎಂದು ಅಲ್ಲಾಡಿಸಿದಳು. ನನಗೆ ಇನ್ನೇನು ಬರುತ್ತದೆ? ಊರ ಸುದ್ದಿ ಶುರು ಮಾಡಿದೆ. ಯಾರ ಮಗಳು ಯಾರ ಮನೆ ಸೇರಿದಳು, ಯಾರ ಮನೆಗೆ ಹೆಂಚು ಬಂತು, ಮೇಷ್ಟ್ರು ಎಷ್ಟು ದಪ್ಪ ಆದರು, ಬಣ್ಣದ ಪೆಟ್ಟಿಗೆಯನ್ನು ನಾನು ಹೇಗೆ ತುಳಿದೆ. ಮೇಷ್ಟ್ರ ಸುದ್ದಿಗೆ ಅವಳ ಹೊಟ್ಟೆ ಕುಲುಕಿತು, ಹಲ್ಲಿಲ್ಲದ ಬಾಯಿ ಅಗಲವಾಯಿತು. ಎರಡು ನಿಮಿಷ ಪ್ರಾರ್ಥನೆ, ಒಂದು ಗಂಟೆ ಊರ ಸುದ್ದಿ. ಅವಳು ಹಾಗೇ ನಿದ್ದೆ ಹೋದಳು. ಅಷ್ಟರಲ್ಲಿ ನನ್ನ ಗಂಟಲು ಒಣಗಿತ್ತು, ಆದರೆ ಬಂದ ಕೆಲಸ ಬಾಕಿ ಇತ್ತು. ಯೋತಾಮನನ್ನು ಅಂಗಳಕ್ಕೆ ಕರೆದೆ.

"ಕೇಳ್ತದೇನೋ ಈಗ?"

ಅವನು ಹೌದೆಂದು ತಲೆಯಾಡಿಸಿದ.

"ಕೇಳು ಹಾಗಾದ್ರೆ. ನನ್ ಗಂಡನ್ನ ಎಳ್ಕೊಂಡೋದಾಗ ಅವನ ಒಂದೇ ಕಾಲಲ್ಲಿ ಚಪ್ಪಲಿ ಇತ್ತು. ಇನ್ನೊಂದು ಗಿರಣಿ ಬಾಗಿಲಲ್ಲೇ ಉಳೀತು. ನಲವತ್ತು ದಿನ ಪಡೆಯೋರ ಶಿಬಿರಕ್ಕೆ ಬುತ್ತಿ ಕಳಿಸ್ದೆ ಕಣೋ. ದಿನಾ ಡಬ್ಬಿ ತೊಳ್ದು ವಾಪಸ್ ಬರೋದು. ಉಂಡವ್ನೆ, ಬದುಕವ್ನೆ ಅಂತ ನಾನು ದಿನಾ ಸ್ತೋತ್ರ ಹಾಡ್ತಿದ್ದೆ. ಅವನು ಎರಡನೇ ದಿನಾನೇ ಹೋಗಿದ್ದ. ಬಾಕಿ ಮೂವತ್ತೆಂಟು ದಿನ ಅವನನ್ನ ಕೊಂದೋರಿಗೆ ನಾನು ಅಡಿಗೆ ಮಾಡಿ ಬಡಿಸ್ದೆ. ನಿನ್ನ ಚೆಂದದ ಅಕ್ಷರಕ್ಕೆ ಹುಳ ಬೀಳ. ನಿನ್ನ ಕೈ ಸೇದಿಹೋಗ."

ಇನ್ನೂ ಬಹಳ ಬೈದೆ, ಇಲ್ಲಿ ಬೇಡ. ಅವನು ಕೊನೆಯವರೆಗೂ ನಿಂತು ಕೇಳಿದ. ಆಮೇಲೆ ಅವನು ಬಾಯಿ ತೆರೆದ. ಬಹಳ ಹೊತ್ತು ಮಾತಾಡಿದ. ಕಣ್ಣಲ್ಲಿ ನೀರಿತ್ತು. ಕೈ ಎತ್ತಿ ಆಕಾಶ ತೋರಿಸಿದ, ಎದೆಗೆ ಗುದ್ದಿಕೊಂಡ, ಎರಡೂ ಅಂಗೈ ಜೋಡಿಸಿ ನನ್ನ ಮುಖದ ಮುಂದೆ ಅಲ್ಲಾಡಿಸಿದ. ನನಗೆ ಒಂದಕ್ಷರ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಕ್ಷಮೆ ಕೇಳುವವರು ಹೇಗೆ ನಿಲ್ಲುತ್ತಾರೆಂದು ಯಾರಿಗೆ ಗೊತ್ತಿಲ್ಲ? ಹಗುರವಾಗಿ ಮನೆಗೆ ಬಂದೆ. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ: ಯೋತಾಮ ಅತ್ತ, ಕೈ ಮುಗಿದ, ಕ್ಷಮೆ ಕೇಳಿದ.

ರಾಹೇಲಮ್ಮ ನಾಲ್ಕನೇ ದಿನಕ್ಕೆ ತೀರಿಕೊಂಡಳು. ಸುಮಂತಪ್ಪ ಎಲ್ಲವನ್ನೂ ಮಹಾಸಭೆಗೆ ಬರೆದ. ಅಲ್ಲ, ಎಲ್ಲವನ್ನೂ ಅಲ್ಲ. ಹುಳ ಬೀಳ ಎಂದದ್ದನ್ನು ಬಿಟ್ಟು ಬರೆದ. ರೆವರೆಂಡ್ ಡಾಕ್ಟರ್ ಸುಗುಣಕುಮಾರ್ ಅವರಿಂದ ಉತ್ತರ ಬಂತು. ಐದು ಮೆಟ್ಟಿಲುಗಳು ಫಲ ಕೊಟ್ಟದ್ದಕ್ಕೆ ದೇವರಿಗೆ ಸ್ತೋತ್ರ, ಇಬ್ಬರೂ ಒಟ್ಟಿಗೆ ಊಟ ಮಾಡುವ ಒಂದು ಫೋಟೋ ವಾರ್ಷಿಕ ಸಂಚಿಕೆಗೆ ಬೇಕು, ಇಬ್ಬರ ಮುಖದಲ್ಲೂ ಸಂತೋಷ ಇರಲಿ. ಜೊತೆಗೆ ಒಂದು ಕ್ಯಾಮೆರಾ ಕಳಿಸಿದ್ದರು.

ನಾನು ಕುಣಿಯುತ್ತಾ ಒಪ್ಪಿಕೊಂಡೆ. ಫೋಟೋದ ಆಸೆಗಲ್ಲ. ಅವನು ನನ್ನ ಮನೆಯಲ್ಲಿ ಉಂಡರೆ ಅವನ ಮಾತು ನನಗೆ ಕೇಳುತ್ತದೆ. ಕ್ಷಮೆ ಕೇಳಿದ್ದು ಕಂಡಿದ್ದೆ, ಈಗ ಕಿವಿಯಾರೆ ಕೇಳಬೇಕು. ನನ್ನ ಮನೆಯಲ್ಲಿ, ನನ್ನ ಗಂಡ ಕೂತು ಉಣ್ಣುತ್ತಿದ್ದ ಜಾಗದ ಎದುರಿಗೆ, ಜೋರಾಗಿ.

ಭಾನುವಾರ ಆರಾಧನೆ ಮುಗಿದ ಮೇಲೆ ಯೋತಾಮ ಬಂದ. ಮಡಿಸಿದ ಗೆರೆ ಹೋಗದ ಬಿಳಿ ಅಂಗಿ. ಮುದ್ದೆ, ಅವರೆಕಾಳು ಸಾರು, ಕೋಳಿ ಮಾಡಿದ್ದೆ. ಸುಮಂತಪ್ಪ ಕ್ಯಾಮೆರಾ ಹಿಡಿದು ಗೋಡೆಗೆ ಒರಗಿ ನಿಂತ. ಯೋತಾಮ ತಲೆಯೆತ್ತದೆ ಉಂಡ. ಎರಡನೇ ಸಲ ಸಾರು ಹಾಕಿಸಿಕೊಂಡ. ತಟ್ಟೆಯಲ್ಲಿ ಕೈ ತೊಳೆದ.

"ಈಗ ಹೇಳು," ಎಂದೆ.

"ಏನ್ ಹೇಳ್ಲಿ ಅಕ್ಕ?"

ಅವನ ದನಿ ಸೊರಗಿತ್ತು. ಉಪಯೋಗಿಸದೆ ಇಟ್ಟ ಬಾಗಿಲಿನ ಹಾಗೆ ಕಿರುಗುಟ್ಟಿತು.

"ಅವತ್ತು ಅಂಗಳದಲ್ಲಿ ಹೇಳಿದ್ಯಲ್ಲ, ಅದನ್ನ."

"ಅದು ಬೇಡ. ಊಟ ಚೆನ್ನಾಗಿತ್ತು. ನಾನು ಹೋಗ್ತೀನಿ."

"ಕೂತ್ಕೊಳೋ! ನಿನ್ನ ಊಟದ ಹೊಗಳಿಕೆ ಕೇಳೋಕೆ ಕೋಳಿ ಕುಯ್ದೆ ಅಂದ್ಕೊಂಡ್ಯಾ? ಕ್ಷಮೆ ಕೇಳಿದ್ಯಲ್ಲ, ಅದನ್ನ ಹೇಳು. ಇನ್ನೊಂದ್ಸಲ ಕೇಳು."

ಅವನು ನನ್ನ ಮುಖ ನೋಡಿದ. "ನಾನು ಕ್ಷಮೆ ಕೇಳ್ಲಿಲ್ಲ ಅಕ್ಕ. ಬೈದೆ. ನಿಮ್ಗೆ ಕೇಳ್ಸಲ್ಲ ಅಂತ ಗೊತ್ತಿತ್ತು, ಅದಕ್ಕೇ ಬಾಯ್ತುಂಬ ಬೈದೆ. ನಿಮ್ ಯಜಮಾನ್ರಿಗೂ ಬೈದೆ. ನಲವತ್ತು ದಿನ ಬುತ್ತಿ ಕಟ್ಟೋದಾದ್ರೂ ನಿಮ್ಗೆ ಸಿಕ್ತು, ನಮ್ಗೆ ಅದೂ ಸಿಗ್ಲಿಲ್ಲ ಅಂದೆ."

ನನ್ನ ಕೈಯಲ್ಲಿ ಸಾರಿನ ಸೌಟು ಇತ್ತು. "ಏನೋ ಅಂದೆ?"

"ನನ್ ತಮ್ಮ ಬೆನಾಯ. ಹತ್ತೊಂಬತ್ತು ವರ್ಷ ಅವನಿಗೆ. ನಾನು ಚರ್ಚಿನ ಎದುರು ಅಂಗಡಿ ಗೋಡೆಗೆ ಬಣ್ಣ ಬಳೀತಿದ್ದೆ. ಎಲೀಯಣ್ಣ ಬಂದ್ರು. ಪೆನ್ಸಿಲ್ ಕೊಡೋ ಅಂದ್ರು. ಕೊಟ್ಟೆ. ಚೀಟೀನ ನನ್ ಗೋಡೆಗೇ ಒತ್ತಿ ಬರೆದ್ರು. ಏನು ಅಂತ ನಾನು ಕೇಳ್ಲಿಲ್ಲ. ಪೆಟ್ಟಿಗೆಗೆ ಹಾಕಿ ಬಂದು ಪೆನ್ಸಿಲ್ ವಾಪಸ್ ಕೊಟ್ರು. ಉಪಕಾರ ಆಯ್ತು ಕಣೋ ಅಂದ್ರು. ಬೆಳಿಗ್ಗೆ ಬೆನಾಯ ಇರ್ಲಿಲ್ಲ. ಗೋಡೆ ಹಸಿ ಇತ್ತಲ್ಲ, ಅವನ ಹೆಸರು ಅಲ್ಲಿ ಅಚ್ಚಾಗಿತ್ತು. ಒತ್ತಿ ಬರೆಯೋ ಕೈ ನಿಮ್ ಯಜಮಾನ್ರದ್ದು. ನಾನೇ ಅದರ ಮೇಲೆ ಇನ್ನೊಂದ್ಸಲ ಬಣ್ಣ ಬಳ್ದೆ. ಆಮೇಲೆ ಅದೇ ಪೆನ್ಸಿಲಲ್ಲಿ ಎಲೀಯಣ್ಣನ ಹೆಸರು ಬರ್ದೆ. ಯಾರೂ ಬರ್ಸಿದ್ದಲ್ಲ. ನಾನೇ ಬರ್ದೆ."

ಸುಳ್ಳು ಎಂದು ಕಿರುಚಬೇಕೆಂದು ಬಾಯಿ ತೆರೆದೆ. ನನ್ನ ಗಂಡ ಒತ್ತಿಯೇ ಬರೆಯುತ್ತಿದ್ದ. ಗಿರಣಿಯ ಪುಸ್ತಕದಲ್ಲಿ ಅವನು ಬರೆದ ಹೆಸರು ಹಿಂದಿನ ಎರಡು ಹಾಳೆಗೂ ಇಳಿದಿರುತ್ತಿತ್ತು. ಬೆನಾಯನನ್ನು ಎಳೆದುಕೊಂಡು ಹೋದ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಾ, ಪಾಪ, ಎಳೇ ಹುಡುಗ ಎಂದಾಗ, ಅವನು ತಟ್ಟೆ ಪಕ್ಕಕ್ಕೆ ಸರಿಸಿ, ನಿನಗೇನು ಗೊತ್ತು ಸುಮ್ಮನಿರು ಎಂದು ಎದ್ದು ಹೋಗಿದ್ದ. ಆ ಮಾತು ನನಗೆ ಚೆನ್ನಾಗಿಯೇ ಕೇಳಿತ್ತು. ಒಂಬತ್ತು ವರ್ಷದಿಂದ ನಾನು ಅದನ್ನು ಕೇಳಿಲ್ಲವೆಂದುಕೊಂಡು ಬದುಕಿದ್ದೆ.

ಯೋತಾಮನನ್ನು ಹೊರಗೆ ತಳ್ಳಬಹುದಿತ್ತು. ಉಂಡವನನ್ನು ಹೊರಗೆ ಹಾಕಬಹುದು, ಅವನ ಮಾತನ್ನು ಹಾಕಲಾಗುವುದಿಲ್ಲ. ಇನ್ನು ಮೇಲೆ ಅವನು ಬೀದಿಯ ಆ ತುದಿಯಲ್ಲಿ ನಿಂತು ಪಿಸುಗುಟ್ಟಿದರೂ ನನಗೆ ಕೇಳುತ್ತದೆ.

ಯೋತಾಮ ಸುಮಂತಪ್ಪನ ಮನೆಯಲ್ಲಿ ಉಂಡವನಲ್ಲ, ಹಾಗಾಗಿ ಸುಮಂತಪ್ಪನಿಗೆ ಇದರಲ್ಲಿ ಒಂದೂ ಕೇಳಿರಲಿಲ್ಲ. ಅವನು ಯೋತಾಮನ ಕಣ್ಣೀರು ನೋಡಿ ತಾನೂ ಕಣ್ಣು ತುಂಬಿಕೊಂಡು ಕ್ಯಾಮೆರಾ ಎತ್ತಿದ್ದ.

"ಎಷ್ಟು ಚೆನ್ನಾಗಿದೆ ಅಕ್ಕ! ಕ್ಷಮೆ ಕೇಳಿದ್ನಾ? ಅವನ ಕೈ ಹಿಡ್ಕೊ. ಸ್ವಲ್ಪ ನಗು."

"ತೆಗೆಯೋದಾದ್ರೆ ತೆಕ್ಕೊ. ನಗು ಕೇಳ್ಬೇಡ."

ಯೋತಾಮ ಎದ್ದು ನಿಂತಿದ್ದ. ನಾನು ಸೌಟು ಕೆಳಗಿಟ್ಟು ಅವನ ಎದುರಿಗೆ ನೆಲದ ಮೇಲೆ ಕೂತೆ.

"ಕೂತ್ಕೊ," ಎಂದೆ. "ಇನ್ನೊಂದ್ಸಲ ಹೇಳು. ಪೆನ್ಸಿಲ್ ಇಸ್ಕೊಂಡಿದ್ರಿಂದ ಹೇಳು. ನಿಧಾನವಾಗಿ ಹೇಳು, ನಿನ್ ತಮ್ಮನ ಹೆಸರು ಬಿಡ್ಬೇಡ. ನನ್ ಗಂಡನ ಹೆಸರೂ ಬಿಡ್ಬೇಡ."

ಅವನು ಕೂತು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಶುರು ಮಾಡಿದ.